ಕೊಂಡು ತಂದ ಬರಹ, ಬಚ್ಚಿಟ್ಟ ಮೇಲ್

"ಮೇಡಂ, ಈ ಲೇಖನ ನೀವೇ ಬರೆದಿದ್ದಾ?"

ಬಂದವನು ಕುರ್ಚಿ ಎಳೆದುಕೊಂಡು ಕೂತು ಐದು ನಿಮಿಷವೂ ಆಗಿರಲಿಲ್ಲ. ಅವನ ಮೊದಲ ಪ್ರಶ್ನೆಗೇ ಅವಳ ಎದೆ ಧಸಕ್ಕೆಂದಿತು.

ಪಕ್ಕದಲ್ಲೇ ಚಿಕ್ಕಪ್ಪ ನಿಂತಿದ್ದರು. ಮಂಡಿಪಟ್ಟಿ, ಸೊಂಟದ ಬೆಲ್ಟು, ಊರುಗೋಲು ಮಾರುವ ಆ ಅಂಗಡಿ ಅವರದು. ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವವಳು ಅವಳು. ಮೂರು ತಿಂಗಳಿಂದ ಸೈಟಿಗೆ ಬರುವ ಜನ ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಯಾಕೆಂದು ನೋಡಲು, ಇಂಟರ್ನೆಟ್ ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ಮಾಡುವ ಈ ಸರ್ಚ್ ಪರಿಣತನನ್ನು ಚಿಕ್ಕಪ್ಪ ಕರೆಸಿದ್ದರು.

"ಹೂಂ... ನಾನೇ."

ಅವನು ಲೇಖನದ ಒಂದು ಸಾಲನ್ನು ಎತ್ತಿ ಇಂಟರ್ನೆಟ್ಟಿನಲ್ಲಿ ಹುಡುಕಿದ. ಅದೇ ಸಾಲು, ಅದೇ ಅಲ್ಪವಿರಾಮ... ಹನ್ನೊಂದು ಸೈಟುಗಳಲ್ಲಿ! ಆ ಪಟ್ಟಿಯಲ್ಲಿ ಅವರ ಅಂಗಡಿಯ ಸೈಟೇ ಇರಲಿಲ್ಲ.

"ಕದ್ದಿದ್ದಾ ಪುಟ್ಟಿ?" ಚಿಕ್ಕಪ್ಪನ ದನಿ ಸಣ್ಣಗಾಯಿತು.

"ಕದ್ದಿದ್ದಲ್ಲ, ಕೊಂಡಿದ್ದು! ಐವತ್ತನಾಲ್ಕು ಲೇಖನ ಒಟ್ಟಿಗೆ ಕೊಡ್ತೀವಿ ಅಂದ್ರು... ತಗೊಂಡೆ."

"ಅವರು ಕದ್ದಿದ್ದನ್ನ ನೀವು ಕೊಂಡಿದ್ದೀರಿ," ಎಂದ ಅವನು. "ಒಂದೇ ಬರಹ ಹತ್ತು ಕಡೆ ಇದ್ರೆ ಸರ್ಚ್ ಎಂಜಿನ್ ಒಂದನ್ನ ತೋರಿಸಿ ಮಿಕ್ಕಿದ್ದನ್ನ ಪಕ್ಕಕ್ಕಿಡುತ್ತೆ. ಸೈಟ್ ತುಂಬ ಅಂಥದ್ದೇ ಇದ್ರೆ ನಿಮ್ಮ ಸ್ವಂತ ಪುಟಗಳಿಗೂ ಬೆಲೆ ಹೋಗುತ್ತೆ. ಇದೂ ಸಾಲದೆ ನಿಜವಾಗಿ ಬರೆದವರು ದೂರು ಕೊಟ್ರೆ ಕಥೆ ಮುಗೀತು. ಇವತ್ತೇ ಎಲ್ಲಾ ತೆಗೀರಿ."

"ಎಲ್ಲಾ ತೆಗೆದು ಬೋಳು ಅಂಗಡಿ ತೋರಿಸೋದಾ ಸರ್ಚಪ್ಪ?" ಚಿಕ್ಕಪ್ಪ ಹಟ ಹಿಡಿದರು. "ಇವಳು ಒಂದು ಹೊಸದು ಬರೀಲಿ, ನೀವು ಒಂದು ಹಳೇದು ತೆಗೀರಿ."

ಅವನು ಬೇಡವೆಂದ. ಚಿಕ್ಕಪ್ಪ ಕೇಳಲಿಲ್ಲ. ಹೀಗೆ ಅವಳ ಬರಹ ನೋಡಲು ಅವನು ದಿನಾ ಬೆಳಿಗ್ಗೆ ಬರುವಂತಾಯಿತು.

ಮೊದಲ ವಾರ ಅವಳು ಅವನ ಮುಖ ನೋಡಿ ಮಾತಾಡಲಿಲ್ಲ. ಚಿಕ್ಕಪ್ಪನ ಎದುರು ಮಾನ ಕಳೆದವನು!

ಕೊಂಡ ಲೇಖನದ ಪದಗಳನ್ನು ಅಲ್ಲಿಂದಿಲ್ಲಿಗೆ ತಿರುಗಿಸಿ "ಹೊಸದು" ಎಂದು ತೋರಿಸಿದಾಗ ಅವನಿಗೆ ನಗು ಬಂತು.

"ಇದು ಅದೇ ಹಳೇ ಅಂಗಿ ರೀ, ಗುಂಡಿ ಮಾತ್ರ ಬೇರೆ. ನಿನ್ನೆ ಒಬ್ಬ ಅಜ್ಜನಿಗೆ ಕೋಲು ಹಿಡಿಯೋದು ಹೇಳಿಕೊಟ್ರಲ್ಲ... ಅದನ್ನ ಬರೀರಿ."

ಬರೆದಳು. ನೋಯುವ ಕಾಲಿನ ಕಡೆಯಲ್ಲ, ಇನ್ನೊಂದು ಕೈಯಲ್ಲಿ ಕೋಲು ಹಿಡಿಯಬೇಕು ಅಂದಾಗ ಅಜ್ಜ "ನಲವತ್ತು ವರ್ಷ ಹೆಂಡ್ತಿ ಮಾತು ಕೇಳ್ಲಿಲ್ಲ, ನಿನ್ನ ಮಾತು ಕೇಳ್ತೀನಾ?" ಎಂದು ಜಗಳ ತೆಗೆದದ್ದು, ಕೊನೆಗೆ ಅಂಗಡಿಯ ಉದ್ದಕ್ಕೂ ನಡೆದು "ಅರೆ!" ಎಂದು ನಿಂತದ್ದು... ಎಲ್ಲ ಬರೆದಳು.

ಅವನು ಎರಡು ಸಲ ಓದಿದ. "ಇಂಥದ್ದು ಬರೆಯೋ ಕೈ ಇಟ್ಕೊಂಡು ಕೊಂಡು ತಂದ್ರಾ?"

ಅಂದು ಅವಳು ಮೂವರು ಗಿರಾಕಿಗಳಿಗೆ ತಪ್ಪು ಅಳತೆಯ ಮಂಡಿಪಟ್ಟಿ ಕೊಟ್ಟಳು!

ಎಲ್ಲ ಚೆನ್ನಾಗಿತ್ತು... ಆ ಫೋನ್ ಬರುವ ತನಕ.

ಕೊಂಡ ಲೇಖನಗಳಲ್ಲಿ ಮೂವತ್ತನ್ನು ನಿಜವಾಗಿ ಬರೆದವಳು ಒಬ್ಬ ಫಿಸಿಯೋ ಡಾಕ್ಟರು. ಎರಡು ಬೀದಿ ಆಚೆ ಅವಳ ಕ್ಲಿನಿಕ್. ಫೋನ್ ಮಾಡಿದವಳು ಅವಳೇ; ದೂರು ಕೊಡಲು ಹೊರಟಿದ್ದಳು. ಅವನು ಮಾತಾಡಿ ತಡೆದ. ಮರುದಿನವೂ ಮಾತಾಡಿದ. ಆಮೇಲೆ ದಿನಾ ಮಾತಾಡಿದ... ನಗುನಗುತ್ತಾ!

"ಅವರು ಎಷ್ಟು ತಿಳಿಯಾಗಿ ಬರೀತಾರೆ ನೋಡಿ," ಎಂದ ಒಮ್ಮೆ.

'ನೋಡಿದ್ದೀನಿ. ನೋಡಿಯೇ ತಾನೇ ಹಾಕಿಕೊಂಡಿದ್ದು!' ಒಳಗೇ ಕುದಿದಳು.

ಆ ಡಾಕ್ಟರ ಫೋಟೋ ಹುಡುಕಿ ನೋಡಿದಳು. ಚೆಲುವೆ. ಇನ್ನೊಂದು ಫೋಟೋ ನೋಡಿದಳು. ಇನ್ನೂ ಚೆಲುವೆ! ಅವನ ಫೋನ್ ಗುಂಯ್ ಎಂದಾಗಲೆಲ್ಲ ಅವಳ ಕಣ್ಣು ಕಳ್ಳತನದಲ್ಲಿ ಅದರ ಪರದೆಗೆ ಓಡುತ್ತಿತ್ತು. 'ನನಗೇನಾಗಬೇಕು ಅವನು?' ಎಂದು ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದರಿಂದಲೇ ಅಳು ಬರುತ್ತಿತ್ತು.

ಒಂದು ಮಂಗಳವಾರ ಅಂಗಡಿಯ ವಿಳಾಸಕ್ಕೆ ಡಾಕ್ಟರ ಮೇಲ್ ಬಂತು. ಸೈಟಿನಲ್ಲಿ ಇನ್ನೂ ಉಳಿದಿರುವ ತನ್ನ ಹನ್ನೆರಡು ಲೇಖನ ಶುಕ್ರವಾರದೊಳಗೆ ತೆಗೆಯಬೇಕು, ಮೊದಲ ಪುಟದಲ್ಲಿ ಕ್ಷಮೆ ಕೇಳಬೇಕು. ಇಲ್ಲವಾದರೆ ಸೈಟಿಗೆ ಜಾಗ ಕೊಟ್ಟಿರುವ ಕಂಪನಿಗೇ ದೂರು.

ಅಲ್ಲಿಗೆ ಮುಗಿದಿದ್ದರೆ ಅವಳು ಖಂಡಿತ ಹೇಳುತ್ತಿದ್ದಳು. ಆದರೆ ಕೊನೆಯ ಸಾಲು...

"ನಿಮ್ಮ ಸರ್ಚ್ ಪರಿಣತರಿಗೂ ತಿಳಿಸಿ. ಅವರ ಜೊತೆ ಮಾತಾಡುವುದೇ ಒಂದು ಖುಷಿ."

ಬೆರಳು ತಾನಾಗಿ ಆ ಮೇಲ್ ಅನ್ನು ಹಳೆಯ ಕಡತಗಳ ನಡುವೆ ತಳ್ಳಿಬಿಟ್ಟಿತು. 'ಖುಷಿಯಂತೆ ಖುಷಿ!'

ಸೋಮವಾರ ಬೆಳಿಗ್ಗೆ ಸೈಟ್ ತೆರೆಯಲಿಲ್ಲ. ಅವಳು ಬರೆದ ಕೋಲಿನ ಅಜ್ಜನೂ ಸೇರಿ ಇಡೀ ಸೈಟೇ ಮಾಯ! ಚಿಕ್ಕಪ್ಪ ಊರುಗೋಲುಗಳ ಮಧ್ಯೆ ಕುಸಿದು ಕೂತರು.

ಅವನು ಹುಡುಕಿದ. ಹುಡುಕುವುದೇ ಅವನ ಕೆಲಸ. ಮೇಲ್ ಸಿಕ್ಕಿತು.

"ನೀವು ಓದಿದ್ರಿ..."

ಅವಳು ಮೇಜಿನ ಮೇಲಿದ್ದ ಮಂಡಿಪಟ್ಟಿಗಳನ್ನು ಮಡಚತೊಡಗಿದಳು.

"ಗೊತ್ತಿಲ್ಲದೆ ಕೊಂಡ್ರಿ, ಅದು ಬೇರೆ. ಇದು ಗೊತ್ತಿದ್ದೂ ಮಾಡಿದ್ದು. ಯಾಕೆ?"

ಅವಳು ಇನ್ನೊಂದು ಪಟ್ಟಿ ಮಡಚಿಟ್ಟಳು. ಅವನು ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟುಹೋದ.

ಅವಳು ಮಧ್ಯಾಹ್ನ ಉಣ್ಣದೆ ನೇರ ಆ ಕ್ಲಿನಿಕ್ಕಿಗೆ ನಡೆದಳು. ಡಾಕ್ಟರು ಒಬ್ಬ ಹೆಂಗಸಿನ ಭುಜಕ್ಕೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಫೋಟೋಗಿಂತಲೂ ಚೆಲುವೆ!

"ಆ ಲೇಖನ ಕೊಂಡು ಹಾಕಿದವಳು ನಾನು," ಎಂದಳು ಬಾಗಿಲಲ್ಲೇ. "ನಿಮ್ಮ ಮೇಲ್ ಬಚ್ಚಿಟ್ಟವಳೂ ನಾನೇ. ಚಿಕ್ಕಪ್ಪನ ತಪ್ಪಿಲ್ಲ. ಸರ್ಚ್ ಪರಿಣತರ ತಪ್ಪೂ ಇಲ್ಲ."

"ನಾಲ್ಕು ವರ್ಷ ರೋಗಿಗಳನ್ನ ನೋಡಿ ಬರೆದಿದ್ದು ಅದು." ಡಾಕ್ಟರ ದನಿಯಲ್ಲಿ ನಗುವಿರಲಿಲ್ಲ. "ನನ್ನ ಮಾತು ಬೇರೆಯವರ ಹೆಸರಲ್ಲಿ ಓದಿದಾಗ ಹೇಗಾಯ್ತು ಗೊತ್ತಾ? ಮೇಲ್ ಯಾಕೆ ಬಚ್ಚಿಟ್ರಿ?"

"ಹೊಟ್ಟೆಕಿಚ್ಚು..." ಅವಳ ಕಣ್ಣು ತುಂಬಿತು. "ಅವರು ನಿಮ್ಮ ಜೊತೆ ನಗೋದು ನೋಡಕ್ಕಾಗ್ಲಿಲ್ಲ."

ಡಾಕ್ಟರು ಸ್ಟೂಲು ಮುಂದಕ್ಕೆ ತಳ್ಳಿದಳು.

"ಕೂತ್ಕೊಳ್ಳಿ. ನನಗೂ ಅವರು ಇಷ್ಟವಾಗಿದ್ರು. ಸುಳ್ಳು ಯಾಕೆ ಹೇಳ್ಲಿ, ಬಾಯಿಬಿಟ್ಟು ಕೇಳಿಯೂ ಬಿಟ್ಟೆ. 'ಅಂಗಡೀಲಿ ಒಬ್ಬಳಿದ್ದಾಳೆ, ನನ್ನ ಮುಖ ಸರಿಯಾಗಿ ನೋಡಲ್ಲ, ಆದ್ರೆ ನನ್ನ ಮನಸ್ಸು ಅಲ್ಲೇ' ಅಂದ್ರು. ಆ ಮಾತು ಕೇಳಿ ನಾನೂ ಎರಡು ದಿನ ಉರಿದೆ ಬಿಡಿ... ನಿಮ್ಮ ಮೇಲೆ!"

ಅವಳು ಈಗ ಸ್ಟೂಲಿನ ಅಂಚಿಗೆ ಕೂತಳು.

"ಕ್ಷಮೆ ಹಾಕಿ, ನನ್ನ ಲೇಖನ ಎಲ್ಲಾ ತೆಗೀರಿ. ದೂರು ವಾಪಸ್ ತಗೋತೀನಿ."

ಎರಡು ದಿನದಲ್ಲಿ ಸೈಟ್ ಮರಳಿತು. ಕೊಂಡ ಬರಹ ಒಂದೂ ಉಳಿಯಲಿಲ್ಲ. ಈ ಸಲ ಚಿಕ್ಕಪ್ಪ ತುಟಿ ಪಿಟ್ಟೆನ್ನಲಿಲ್ಲ. ಮೊದಲ ಪುಟದಲ್ಲಿ ಅವಳ ಕ್ಷಮಾಪಣೆ ನಿಂತಿತು. ಯಾರ ಬರಹ, ಎಲ್ಲಿ ಸಿಗುತ್ತದೆ, ತಾನೇನು ಮಾಡಿದೆ... ಒಂದನ್ನೂ ಮರೆಮಾಚಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಕಿಟಕಿಯ ಗಾಜು ಒರೆಸುತ್ತಿದ್ದಾಗ ಹೊರಗೆ ಅವನು ನಿಂತಿದ್ದ.

"ಓದಿದೆ," ಎಂದ ಒಳಗೆ ಬಂದು. "ಮೇಲ್ ಬಚ್ಚಿಟ್ಟೆ ಅಂತ ಬರೆದಿದ್ದೀರಿ. ಯಾಕೆ ಅಂತ ಬರೆದಿಲ್ಲ."

"ಅದು... ಊರಿಗೆಲ್ಲ ಹೇಳೋ ವಿಷಯ ಅಲ್ಲ."

"ನನಗೆ?"

ಅವಳ ಕೈಯಲ್ಲಿ ಒದ್ದೆ ಬಟ್ಟೆ ಮುದ್ದೆಯಾಯಿತು. ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನೀವು ಇನ್ನೊಬ್ಬರನ್ನ ಹೊಗಳಿದ್ರೆ ನನಗೆ ಸಹಿಸಕ್ಕಾಗಲ್ಲ. ಇನ್ನೊಬ್ಬರ ಜೊತೆ ನಕ್ಕರೂ ಆಗಲ್ಲ. ತಪ್ಪು ಅಂತ ಗೊತ್ತು... ಆದ್ರೂ ಆಗಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ!"

ಅವನು ಮೆಲ್ಲಗೆ ಆ ಬಟ್ಟೆಯನ್ನು ಬಿಡಿಸಿ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಇನ್ನು ಮೇಲೆ ಉರಿ ಬಂದ್ರೆ ನನ್ನ ಹತ್ರ ಜಗಳ ಆಡು. ಏನನ್ನೂ ಬಚ್ಚಿಡಬೇಡ."

'ಆಡು'... ಅವಳ ಕಿವಿ ಆ ಏಕವಚನವನ್ನು ಹಿಡಿದುಕೊಂಡಿತು.

"ಸೈಟ್ ಬಿಟ್ಟು ಹೋದ ಜನ ವಾಪಸ್ ಬರಕ್ಕೆ ಎಷ್ಟು ದಿನ ಬೇಕು?" ಕೇಳಿದಳು.

"ಆರು ತಿಂಗಳಾದ್ರೂ ಬೇಕು. ನಂಬಿಕೆ ನಿಧಾನವಾಗೇ ಬರೋದು."

"ಅಷ್ಟೂ ದಿನ ಬರ್ತೀರಾ?"

"ಬರ್ತೀನಿ."

"ಆಮೇಲೆ?"

"ಆಮೇಲೆ ನೀನು ಬಾ... ನಮ್ಮ ಮನೆಗೆ."