ಜಿಗಿದವನ ತಪ್ಪು

ಸೋಮವಾರ ಬೆಳಿಗ್ಗೆ 11.40ಕ್ಕೆ ಸರ್ಕಾರಿ ರಕ್ಷಣಾ ಸಂಶೋಧನಾಲಯದ ನಿರ್ದೇಶಕರು ಠಾಣೆಗೆ ನುಗ್ಗಿದರು. ಸೈನ್ಯಕ್ಕೆಂದು ಆರು ವರ್ಷದಿಂದ ರೂಪಿಸುತ್ತಿದ್ದ ಪ್ಯಾರಾಚೂಟನ್ನು ಆ ದಿನ ಮಂತ್ರಿಗಳಿಗೆ ತೋರಿಸಬೇಕಿತ್ತು. ಅದಕ್ಕೆ ಕಟ್ಟಿ ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟ ಎಂಬತ್ತು ಕಿಲೋ ಮರಳು ಮೂಟೆ ವೇದಿಕೆಯ ಮುಂದೆಯೇ ಧೊಪ್ಪನೆ ಬಿದ್ದು ಒಡೆದಿತ್ತು.

"ಇದು ಶತ್ರು ದೇಶದ ಕೈವಾಡ," ಎಂದರು. ಅವರ ಕೋಟಿನ ಜೇಬಿನಲ್ಲಿ ಇನ್ನೂ ಮರಳಿತ್ತು. ಎಫ್‌ಐಆರ್ ದಾಖಲಾಯಿತು.

1.15ಕ್ಕೆ ಮೈದಾನದಲ್ಲಿ ಪಂಚನಾಮೆ. ಪ್ಯಾರಾಚೂಟಿನ ಇಪ್ಪತ್ತೆಂಟು ಹಗ್ಗಗಳಲ್ಲಿ ಇಪ್ಪತ್ನಾಲ್ಕನ್ನು ಯಾರೋ ಮೊದಲೇ ಕತ್ತರಿಸಿಟ್ಟಿದ್ದರು.

"ಸಾರ್, ಇಲ್ನೋಡಿ," ಎಂದ ಕಾನ್ಸ್‌ಟೇಬಲ್. "ಕತ್ತರಿಸಿದ ಮೇಲೆ ತುದಿ ಸುಟ್ಟಿದಾರೆ. ಎಳೆ ಬಿಚ್ಚಬಾರದು ಅಂತ."

ಹಾಳು ಮಾಡಲು ಬಂದವರಿಗೆ ಎಳೆ ಬಿಚ್ಚಿದರೇನು, ಬಿಟ್ಟರೇನು? ಶತ್ರು ದೇಶವಂತೆ, ಮಣ್ಣಂತೆ! ಇನ್ಸ್‌ಪೆಕ್ಟರ್ ನೆಟ್ಟಗೆ ಸಂಶೋಧನಾಲಯದ ಹೊಲಿಗೆ ಕೋಣೆಗೆ ನಡೆದರು.

ಅಲ್ಲಿ ಹಗ್ಗ ಕಟ್ಟುವವಳು ಒಬ್ಬಳೇ. ಎಲ್ಲರೂ ಗಂಟಕ್ಕ ಎನ್ನುತ್ತಿದ್ದರು. ಅವಳ ಮೇಜಿನ ಮೇಲೆ ಕತ್ತರಿ, ಅರ್ಧ ಉರಿದ ಮೇಣದಬತ್ತಿ.

"ತುದಿ ಯಾಕೆ ಸುಟ್ರಿ?"

ಆಕೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಹಾಳಾದ ಅಭ್ಯಾಸ! ಹತ್ತೊಂಬತ್ತು ವರ್ಷದ್ದು. ಕೈ ನನ್ನ ಮಾತೇ ಕೇಳ್ಲಿಲ್ಲ."

"ಕತ್ತರಿಸಿದ್ದು ಯಾಕೆ?"

"ಹೋದ ವರ್ಷ ಇದೇ ಪ್ಯಾರಾಚೂಟ್ ಹಾಕ್ಕೊಂಡು ನನ್ನ ತಮ್ಮ ಜಿಗಿದ. ಪರೀಕ್ಷೆಗೆ ಜಿಗಿಯೋದೇ ಅವನ ಕೆಲಸ. ಬಟ್ಟೆ ಹರೀತು. ಈ ಬಟ್ಟೆ ತಡೆಯಲ್ಲ ಅಂತ ನಾನು ಮೊದಲೇ ಬರೆದುಕೊಟ್ಟಿದ್ದೆ. ನಿರ್ದೇಶಕರು ಆ ಕಾಗದ ನುಂಗಿ ನೀರು ಕುಡಿದ್ರು. ವರದೀಲಿ ಏನು ಬರೆದ್ರು ಗೊತ್ತಾ? ಜಿಗಿದವನ ತಪ್ಪು ಅಂತ! ಮೂಟೆ ಒಡೆದಾಗ ಅವರ ಮುಖಾನೇ ನೋಡ್ತಿದ್ದೆ ಸಾರ್. ಹೊಟ್ಟೆ ತಣ್ಣಗಾಯ್ತು. ಈಗ ಮರಳು ಮೂಟೆ ತಪ್ಪು ಅಂತ ಬರೀಲಿ, ನೋಡೋಣ."

4.50ಕ್ಕೆ ಬಂಧನ. ಕಾರಣ ತಿಳಿದದ್ದೇ ತಡ, 5.30ಕ್ಕೆ ನಿರ್ದೇಶಕರು ಮತ್ತೆ ಠಾಣೆಯಲ್ಲಿದ್ದರು.

"ಪಾಪ, ಹೆಂಗಸು. ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿಹೋಗಿದೆ ಸಾರ್. ಆಕೆ ಯಾಕೆ ಮಾಡಿದ್ಲು ಅಂತ ಕೋರ್ಟಿಗೆ ತೋರಿಸ್ಬೇಕಲ್ಲ? ಹೋದ ವರ್ಷದ ಫೈಲ್ ಬೇಕು. ಆ ಕಾಗದದ ಸಮೇತ."

ನಿರ್ದೇಶಕರು ಕಾರಿನತ್ತ ಧಾವಿಸಿದರು. ಲಾಕಪ್ಪಿನೊಳಗೆ ಗಂಟಕ್ಕ ಜೋರಾಗಿ ನಕ್ಕಳು. ನಗುತ್ತಲೇ ತಮ್ಮನ ನೆನಪಾಗಿ ಗೊಳೋ ಎಂದು ಅತ್ತಳು.

ಉದ್ದೇಶ ಎಂಬ ಕಡೆ ಇನ್ಸ್‌ಪೆಕ್ಟರ್ 'ತಮ್ಮನ ಸಾವು' ಎಂದಷ್ಟೇ ಬರೆದರು. ಆಮೇಲೆ ಜೀಪು ತೆಗೆಯಲು ಹೇಳಿದರು. ನಿರ್ದೇಶಕರಿಗಿಂತ ಮೊದಲು ಆ ಫೈಲಿನ ಬಳಿ ತಲುಪಬೇಕಿತ್ತು.