ಅಣ್ಣನ ಅಂಗಡಿಯ ಮೌಸ್

ನನ್ನ ಹೆಜ್ಜೆಸಪ್ಪಳಕ್ಕೇ ಕೆಟ್ಟ ಕಂಪ್ಯೂಟರುಗಳು ಎದ್ದು ಕೂರುತ್ತವೆ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬುರುಡೆ, ಒಪ್ಪಿದೆ. ಇದು ಮಾತ್ರ ಉಳಿದ ಕಾಲು ಪಾಲಿನದು.

ಅಣ್ಣ ತೀರಿಕೊಂಡ ಮೇಲೆ ಅವನ ಪ್ರಿಂಟಿಂಗ್ ಅಂಗಡಿಯನ್ನು ಅತ್ತಿಗೆ ವಹಿಸಿಕೊಂಡಿದ್ದರು. ಅಂದು ಮಧ್ಯಾಹ್ನದೊಳಗೆ ಮೊದಲ ಆರ್ಡರ್ ಮುಗಿಯದಿದ್ದರೆ ಅಂಗಡಿಗೆ ಬೀಗವೇ ಗತಿ. ಅಷ್ಟರಲ್ಲಿ ಮೌಸ್ ಕೆಟ್ಟಿತು. ಬಿಚ್ಚಿದೆ, ಒರೆಸಿದೆ, ಊದಿದೆ, ಬೈದೆ. ಪರದೆಯ ಮೇಲಿನ ಬಾಣ ಅಲುಗಲಿಲ್ಲ.

“ಏನೋ ಮೈದುನ, ನಿನ್ನ ಸಪ್ಪಳ ಇದಕ್ಕೆ ಕೇಳಿಸ್ಲಿಲ್ವಾ?” ಅತ್ತಿಗೆ ನಕ್ಕರು, ಕಣ್ಣು ತುಂಬಿತ್ತು. “ನಿಮ್ಮಣ್ಣ ನನ್ನ ಕೈಮೇಲೆ ಕೈಯಿಟ್ಟೇ ಕಲಿಸ್ತಿದ್ರು.”

ಮೌಸಿನ ಮೇಲೆ ಕೈಯಿಟ್ಟು, “ರೀ, ಸ್ವಲ್ಪ ಹಿಡ್ಕೊಳ್ರಿ” ಎಂದರು.

ಬಾಣ ಸರಸರ ಓಡಿತು. ಅವರ ಬೆರಳುಗಳ ಮೇಲಿನ ಚರ್ಮ ಯಾರೋ ಒತ್ತಿದಂತೆ ತಗ್ಗಿತು.

“ಬೆಚ್ಚಗಿದೆ ಕಣೋ,” ಎಂದರು ಅತ್ತಿಗೆ.

ಮಧ್ಯಾಹ್ನದೊಳಗೆ ಆರ್ಡರ್ ಮುಗಿಯಿತು. ಬಿಚ್ಚುವಾಗ ಕಂಪ್ಯೂಟರಿನಿಂದ ಕಿತ್ತ ಮೌಸಿನ ವೈರಿನ ತುದಿ ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲೇ ಇತ್ತು.