ಗುಂಡಿಗೆ ಹೋಗದ ಹುಲ್ಲು

ಫಿಂಟನ್ ನಮ್ಮ ಗೇಟಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿದ. ಅದರ ಹಿಂದಿದ್ದ, ರಸಮೇವಿನ ಉಂಡೆ ಕಟ್ಟುವ ಯಂತ್ರವನ್ನು ಕಂಡು ಅಪ್ಪನ ಮುಖ ಗಂಟಾಯಿತು.

"ದಾರಿ ತಪ್ಪಿದ್ಯೇನಪ್ಪಾ? ಈ ಮನೇಲಿ ಗುಂಡಿ ತುಂಬಿಸ್ತಾರೆ. ಉಂಡೆ ಕಟ್ಟಿ ಪ್ಲಾಸ್ಟಿಕ್ ಸುತ್ತೋಕೆ ಇದೇನು ಮಿಠಾಯಿ ಅಂಗಡಿಯಾ?"

ಅಪ್ಪನ ಪಕ್ಕದಲ್ಲಿದ್ದ ಮಲಾಕಿ ಗಹಗಹಿಸಿದ. ಪ್ರತಿ ಬೇಸಿಗೆ ನಮ್ಮ ಹುಲ್ಲನ್ನೆಲ್ಲ ಒಂದೇ ಸಲಕ್ಕೆ ಕೊಯ್ದು, ದನಗಳ ಚಳಿಗಾಲದ ರಸಮೇವಿಗೆಂದು ಗುಂಡಿಗೆ ತುಂಬಿ, ತುಳಿಸಿ ಕೊಡುವವನು ಅವನೇ.

ಫಿಂಟನ್‌ನನ್ನು ಕರೆದವಳು ನಾನು. ಹೇಳಲು ನಾಲಿಗೆ ಏಳಲಿಲ್ಲ. ಕೃಷಿ ಪದವಿ ಮುಗಿಸಿ ಬಂದರೂ ಅಪ್ಪನ ಎದುರು ನಾನಿನ್ನೂ ಬಾಗಿಲ ಸಂದಿಯ ಹುಡುಗಿ.

ಫಿಂಟನ್ ನನ್ನತ್ತ ನೋಡಿದ. ಅವನ ಒಂದು ಹುಬ್ಬು ಮೇಲೇರಿತು: ಹೇಳ್ತೀಯಾ? ನಾನು ಕಣ್ಣು ತಗ್ಗಿಸಿದೆ. ಹುಬ್ಬು ಮೆಲ್ಲಗೆ ಇಳಿಯಿತು.

"ನನ್ನದೇ ತಪ್ಪು, ಯಜಮಾನ್ರೇ," ಎಂದು ಗೇರ್ ಹಾಕಿದ.

ನನ್ನ ಹೇಡಿತನವನ್ನು ಅವನು ಅಷ್ಟು ಮರ್ಯಾದೆಯಿಂದ ಹೊತ್ತು ಹೊರಟದ್ದನ್ನು ನನಗೆ ಸಹಿಸಲಾಗಲಿಲ್ಲ. ಓಡಿಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತೆ.

"ನಾನೇ ಕರೆಸಿದ್ದು, ಅಪ್ಪ. ನಿನ್ನೆ ನೀನು ದನದ ಸಂತೆಗೆ ಹೋದಾಗ ಹೊಳೆದಂಡೆ ಹುಲ್ಲನ್ನ ನಾನೇ ಕೊಯ್ದೆ. ಹದವಾಗಿ ಬಾಡಿದೆ. ಗುಡ್ಡದ ಹುಲ್ಲು ಇನ್ನೂ ಎಳಸು. ನಿನ್ನ ಗುಂಡಿಗೋಸ್ಕರ ಎಲ್ಲಾ ಒಟ್ಟಿಗೆ ಬಲಿಯೋಕೆ ಹುಲ್ಲೇನು ಗಡಿಯಾರ ನೋಡ್ಕೊಂಡು ಬೆಳೆಯುತ್ತಾ?"

ಅಪ್ಪ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

"ಗುಂಡಿ ಮುಚ್ಚೋ ದಿನ ಊರೆಲ್ಲ ಬಂದು, ಹೊದಿಕೆ ಹಾರದ ಹಾಗೆ ಅದರ ಮೇಲೆ ಹಳೇ ಟಯರ್ ಹೇರುತ್ತೆ. ನಿಮ್ಮಮ್ಮನ್ನ ನಾನು ಮೊದಲು ನೋಡಿದ್ದೇ ಹಾಗೆ, ಮೂಗಿನ ತುದಿವರೆಗೂ ಮಸಿ. ಉಂಡೆಗಾದ್ರೆ ಒಬ್ಬ ಸಾಕು. ಆಮೇಲೆ ಈ ಅಂಗಳಕ್ಕೆ ಯಾರು ಬರ್ತಾರೆ, ಡರ್ವ್ಲಾ?"

ನಾನು ಟ್ರ್ಯಾಕ್ಟರಿನ ಮುಂದಿನಿಂದ ಕದಲಲಿಲ್ಲ.

"ಗುಡ್ಡದ್ದು ಗುಂಡಿಗೇ ಹಾಕು. ಟಯರ್ ನಾನೂ ಹೊರ್ತೀನಿ. ಹೊಳೆದಂಡೆ ಹೊಲ ಅಮ್ಮ ನನಗೆ ಬಿಟ್ಟುಹೋದದ್ದು. ಅದರ ಹುಲ್ಲು ಉಂಡೆಯಾಗುತ್ತೆ."

"ಇಷ್ಟು ಜಗಳ ಉಂಡೆಗೋ, ಈ ಹುಡುಗನಿಗೋ?"

"ಹುಲ್ಲಿಗೆ ಉಂಡೆ. ನನಗೆ ಈ ಹುಡುಗ."

ಮಲಾಕಿಯ ನಗು ಅರ್ಧಕ್ಕೇ ನಿಂತಿತು. ಟ್ರ್ಯಾಕ್ಟರಿನೊಳಗೆ ಯಾರದೋ ಮೊಣಕೈ ತಗುಲಿ ಹಾರ್ನ್ ಕೂಗಿತು.

"ಅವನಿಗೆ ನನ್ನ ಮೇಜಲ್ಲಿ ಊಟ ಇಲ್ಲ," ಎಂದ ಅಪ್ಪ. ನಮ್ಮ ಲೀಟ್ರಿಮ್ ಸೀಮೆಯಲ್ಲಿ ಹುಲ್ಲಿನ ಕೆಲಸಕ್ಕೆ ಬಂದವನಿಗೆ ಊಟ ಹಾಕದಿರುವುದೆಂದರೆ ಮುಖಕ್ಕೆ ಹೊಡೆದಂತೆ.

"ಹಾಗಾದ್ರೆ ನನಗೂ ಇಲ್ಲ."

ಮಧ್ಯಾಹ್ನ ಬೇಯಿಸಿದ ಹ್ಯಾಮ್, ಬೆಣ್ಣೆ ಹಾಕಿದ ಆಲೂಗಡ್ಡೆ, ಫ್ಲಾಸ್ಕ್ ತುಂಬ ಟೀ ಹೊತ್ತು ಹೊಲಕ್ಕೆ ನಡೆದೆ. ಅವಸರದಲ್ಲಿ ತಂದದ್ದು ಒಂದೇ ತಟ್ಟೆ. ಹೊಲದ ತುಂಬ ಕಪ್ಪು ಉಂಡೆಗಳು ಈಗಷ್ಟೇ ಮಿಂದೆದ್ದಂತೆ ಹೊಳೆಯುತ್ತಿದ್ದವು.

"ಎಲ್ಲರ ಮುಂದೆ ಹಾಗಂದುಬಿಟ್ಟೆಯಲ್ಲ," ಎಂದ ಫಿಂಟನ್. "ಮೊದಲು ನನ್ನನ್ನ ಒಂದು ಮಾತು ಕೇಳೋದಲ್ವಾ?"

"ಕೇಳಿದ್ರೆ ಏನಂತಿದ್ದೆ?"

"ಯಾಕಿಷ್ಟು ತಡ ಅಂತಿದ್ದೆ." ಅವನ ಕಿವಿಗಳೆರಡೂ ಕೆಂಪಾಗಿದ್ದವು. "ಹೋದ ಬೇಸಿಗೆಯಿಂದ ಕಾಯ್ತಿದ್ದೀನಿ, ಮಾರಾಯ್ತಿ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಅವನು ಥಟ್ಟನೆ ದೂರ ಸರಿದ.

"ಬೇಲಿ ಹತ್ತಿರ ನಿಮ್ಮಪ್ಪ. ನೋಡ್ತಿದ್ದಾರೆ."

ಅಪ್ಪ ಅಲ್ಲಿದ್ದ, ಒಳಗೆ ಬಾರದೆ, ಹಿಂದಿರುಗಿಯೂ ಹೋಗದೆ.

"ನೋಡಲಿ," ಎಂದೆ. ಫಿಂಟನ್‌ನ ಎಣ್ಣೆಗೈಯನ್ನು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ಅವನ ತಟ್ಟೆಯಿಂದಲೇ ಊಟ ಶುರುಮಾಡಿದೆ.